ಹುಣಸೆಹುಳಿ ಹಾಕಿ ಉಜ್ಜಿದ ಗಂಟೆ

ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾದಲ್ಲಿ ಒಂಬತ್ತು ವರ್ಷ ಮನೆಗೆಲಸ ನೋಡಿಕೊಂಡೆ. ಒಡತಿ ಎಂಬತ್ತು ದಾಟಿದ ಇಂಗ್ಲಿಷ್ ಹೆಂಗಸು. ಅವರು ಹುಟ್ಟಿದ್ದು ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಬಂಗಲೆಯೊಂದರಲ್ಲಿ. ಅದೀಗ ಮ್ಯೂಸಿಯಂ. ಅವರು ಕುಣಿದಾಡಿದ ಕೋಣೆಗಳನ್ನು ಈಗ ಜನ ಹಗ್ಗದಾಚೆ ನಿಂತು ನೋಡುತ್ತಾರಂತೆ. ಆ ಮನೆಯದೆಂದು ಅವರ ಬಳಿ ಉಳಿದದ್ದು ಊಟಕ್ಕೆ ಕರೆಯಲು ಬಾರಿಸುತ್ತಿದ್ದ ಹಿತ್ತಾಳೆಯ ಕೈಗಂಟೆ ಒಂದೇ.

ಅದನ್ನು ಆ ಬಂಗಲೆಯ ಊಟದ ಕೋಣೆಯಲ್ಲಿ ಇಡಲು ಮ್ಯೂಸಿಯಂನವರು ಒಪ್ಪಿದ್ದರು. ಮೇಡಂಗೆ ವಿಮಾನ ಹತ್ತಲು ಡಾಕ್ಟರ್ ಬಿಡುವುದಿಲ್ಲ. "ನಾನು ಹೋಗದಿದ್ದರೂ ನನ್ನದೊಂದು ಆ ಮನೆ ಸೇರಲಿ," ಎಂದು ವಾರವಿಡೀ ಹೇಳಿಕೊಂಡು ತಿರುಗಿದರು. ಗುರುವಾರ ಕೊರಿಯರ್‌ನವನು ಬರುವವನಿದ್ದ. ಬುಧವಾರ ಮಧ್ಯಾಹ್ನ ಗಂಟೆಯನ್ನು ಪ್ಯಾಕ್ ಮಾಡಲು ನನ್ನ ಕೈಗೆ ಕೊಟ್ಟು ಮಲಗಲು ಹೋದರು.

ಇಷ್ಟು ವರ್ಷ ಅವರ ಬೀರುವಿನೊಳಗೇ ಇದ್ದ ಗಂಟೆ ಕಾವಲಿಯ ತಳದಷ್ಟು ಕಪ್ಪಗಿತ್ತು. ನಮ್ಮ ಕರಾವಳಿಯಲ್ಲಿ ಎರವಲು ತಂದ ಚೆಂಬನ್ನೂ ಬೆಳಗದೆ ವಾಪಸು ಕೊಡುವುದಿಲ್ಲ. ಹುಟ್ಟಿದ ಮನೆಗೆ ಹೋಗುವ ವಸ್ತುವನ್ನು ಹೀಗೆ ಕಳಿಸಿದರೆ ಮಾನ ಹೋಗುವುದು ಮನೆ ನೋಡಿಕೊಳ್ಳುವವಳದೇ. ಮೀನು ಸಾರಿಗೆಂದು ನೆನೆಹಾಕಿದ್ದ ಹುಣಸೆಹುಳಿಗೆ ಉಪ್ಪು ಸೇರಿಸಿ ತೋಳು ನೋಯುವವರೆಗೆ ಉಜ್ಜಿದೆ. ಗಂಟೆ ಬಂಗಾರದಂತೆ ಹೊಳೆಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೇಡಂ ಎದ್ದು ಬಂದು ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದು ಕುಳಿತರು. ಮ್ಯೂಸಿಯಂನ ಪತ್ರ ತೆಗೆದು ಒಂದು ಸಾಲು ಓದಿ ಹೇಳಿದರು. ವಸ್ತು ಇದ್ದ ಹಾಗೇ ಬರಬೇಕು, ಒರೆಸಲೂ ಕೂಡದು. ಅದನ್ನು ನನಗೆ ತಿಳಿಸಲು ಮರೆತಿದ್ದರು.

"ಹಿಂದೆ ಇದನ್ನು ಯಾರೂ ಉಜ್ತಾ ಇರ್ಲಿಲ್ವಾ ಮೇಡಂ?" ಎಂದೆ. ಕ್ಷಮೆಗಿಂತ ಮೊದಲು ವಾದ ಬಾಯಿಗೆ ಬರುವುದು ನನ್ನ ಹುಟ್ಟುಗುಣ.

"ದಿನಾ ಬೆಳಿಗ್ಗೆ ಒಬ್ಬಳು ಉಜ್ಜುತ್ತಿದ್ದಳಂತೆ. ಯುದ್ಧ ಬಂತು, ಕೆಲಸದವರೆಲ್ಲ ಹೋದರು. ಆಮೇಲೆ ಯಾರೂ ಮುಟ್ಟಲಿಲ್ಲ. ಆ ಮನೆ ಹೇಗೆ ಮುಳುಗಿತೆಂದು ತೋರಿಸಲು ಅವರಿಗೆ ಆ ಕಪ್ಪು ಬೇಕಿತ್ತು."

ಕೆಲಸದವರು ಹೋದ ಮೇಲೆ ಹತ್ತಿದ ಕಿಲುಬು ಇತಿಹಾಸ, ದಿನಾ ಉಜ್ಜಿದವಳು ಯಾವ ಲೆಕ್ಕಕ್ಕೂ ಇಲ್ಲ. ನನಗೆ ಸಿಟ್ಟು ಬಂತು. ಆದರೆ ಎದುರಿಗೆ ಕುಳಿತಿದ್ದವರ ಮೇಲೆ ಆ ಸಿಟ್ಟನ್ನು ಹಾಕಲು ಮನಸ್ಸಾಗಲಿಲ್ಲ.

ಮೇಡಂ ಸುಳ್ಳು ಹೇಳುವವರಲ್ಲ. ಕೊರಿಯರ್‌ನವನಿಗೆ ಬರಬೇಡವೆಂದು ತಿಳಿಸಿ, ಫೋಟೊ ತೆಗೆದು ಮ್ಯೂಸಿಯಂಗೆ ಇದ್ದದ್ದು ಇದ್ದಂತೆ ಬರೆದರು. ಸಂಜೆ ನನ್ನ ಗಂಡ, "ಹುಳಿ ಹಾಕಿ ಉಜ್ಜಿದ್ದಾ? ಒಂದು ಮಾತು ಕೇಳ್ಲಿಕ್ಕೆ ಏನಾಗಿತ್ತು ನಿಂಗೆ? ಇನ್ನು ಕೆಲಸ ಖಲಾಸ್," ಎಂದರು. ಕೆಲಸವೇನೂ ಹೋಗಲಿಲ್ಲ.

ಮುಂದಿನ ವಾರ ಉತ್ತರ ಬಂತು. ವಿಷಾದವಿದೆ, ಈ ಸ್ಥಿತಿಯಲ್ಲಿ ಗಂಟೆಯನ್ನು ತೆಗೆದುಕೊಳ್ಳಲಾಗದು.

"ಹೀಗೇ ಬಿಟ್ರೆ ಪುನಃ ಕಪ್ಪಾಗ್ತದೆ ಮೇಡಂ. ಇಲ್ಲಿ ಸಮುದ್ರದ ಗಾಳಿ ಅಲ್ವಾ," ಎಂದೆ. ಅಷ್ಟಾದರೂ ಸಮಾಧಾನ ಹೇಳಬೇಕೆನಿಸಿತ್ತು.

"ಎಷ್ಟು ವರ್ಷ ಬೇಕು?" ಎಂದು ಕೇಳಿದರು.

ಅದು ಕುಹಕವಲ್ಲ, ನಿಜಕ್ಕೂ ಕೇಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.