ಹಿಟ್ಟಿಗೆ ಬಿಡುವು

ನಮ್ಮ ಚಿಕ್ಕಮ್ಮನ ಬಾಯಿಗೆ ಬೀಗವಿಲ್ಲ. ಅವಳೂ ಅಮ್ಮನೂ ಸೇರಿ ನಡೆಸುವ ಬೇಕರಿಯಲ್ಲಿ ಒಲೆ ಅಮ್ಮನದು, ಗಲ್ಲಾ ನನ್ನದು, ಹಿಟ್ಟು ನಾದುವುದು ಚಿಕ್ಕಮ್ಮನದು. ನಾದುವಾಗ ಮಾತ್ರ ಅವಳು ಮಾತಾಡುವುದಿಲ್ಲ. ಅಂಗೈ ಕೆಳಗೆ ಹಿಟ್ಟು ಮೆತ್ತಗಾದ ಕೂಡಲೇ ಕೈ ತಾನಾಗಿ ನಿಲ್ಲುತ್ತದೆ. ಹೆಗಲ ಮೇಲಿನ ಒದ್ದೆ ಬಟ್ಟೆ ಹಿಟ್ಟಿನ ಮೇಲೆ ಬೀಳುತ್ತದೆ. ಹಿಟ್ಟಿಗೂ ಸುಸ್ತಾಗುತ್ತದಂತೆ, ಉಬ್ಬಲು ಬಿಡುವು ಬೇಕಂತೆ.

ಒಮ್ಮೆ ನರ್ಸ್ ಒಬ್ಬರು ನಮ್ಮ ಬೀದಿಯ ಅಂಗಡಿಯವರನ್ನೆಲ್ಲ ಕೂರಿಸಿ, ಎದೆಬಡಿತ ನಿಂತವರಿಗೆ ಏನು ಮಾಡಬೇಕೆಂದು ರಬ್ಬರ್ ಗೊಂಬೆಯ ಮೇಲೆ ಕಲಿಸಿದರು. ಎದೆಯ ನಡುವೆ ಅಂಗೈಯ ಬುಡ ಊರಿ, ತೋಳು ಮಡಿಸದೆ ಮೂವತ್ತು ಸಲ ಒತ್ತಬೇಕು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಉಸಿರು ಕೊಡಬೇಕು. ಮತ್ತೆ ಮೊದಲಿನಿಂದ. ಚಿಕ್ಕಮ್ಮ ಚೆನ್ನಾಗಿಯೇ ಒತ್ತಿದಳು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಗೊಂಬೆಗೆ ಒದ್ದೆ ಬಟ್ಟೆ ಹೊದಿಸಿಬಿಟ್ಟಳು! ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನರ್ಸ್ ನಗಲಿಲ್ಲ.

"ಇದು ಹಿಟ್ಟಲ್ಲಮ್ಮ. ನೀವು ಬಿಡುವು ಕೊಟ್ರೆ ಜೀವ ಹೋಗತ್ತೆ."

ಒಂದು ಬೆಳಿಗ್ಗೆ, ಬ್ರೆಡ್ ಸೀದುಹೋಯಿತೆಂದು ಅಕ್ಕತಂಗಿಯರು ಜಗಳವಾಡಿ ಮುಖ ತಿರುಗಿಸಿಕೊಂಡಿದ್ದರು. ನಮ್ಮಲ್ಲಿ ಅದೇನು ಹೊಸದಲ್ಲ. ಒಲೆಯ ಮುಂದೆ ಅಮ್ಮ ಸದ್ದಿಲ್ಲದೆ ಕುಸಿದಳು. ಕೂಗಿದರೆ ಉತ್ತರವಿಲ್ಲ, ಉಸಿರೂ ಇಲ್ಲ. ನಾನು ಆ್ಯಂಬುಲೆನ್ಸಿಗೆ ಫೋನ್ ಮಾಡುವಷ್ಟರಲ್ಲಿ ಚಿಕ್ಕಮ್ಮ ಮೊಣಕಾಲೂರಿ ಒತ್ತಲು ಶುರುಮಾಡಿದ್ದಳು.

ಆಮೇಲಿನದೆಲ್ಲ ನನಗೆ ಕನಸಿನ ಹಾಗೆ ನೆನಪಿದೆ. ಮೇಲಿನ ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಹಿಟ್ಟಿನ ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಬ್ರೆಡ್ ಬೇಯುವ ಘಮ. ಅಮ್ಮನ ಕಪ್ಪು ರವಿಕೆಯ ಮೇಲೆ ಚಿಕ್ಕಮ್ಮನ ಅಂಗೈಯ ಬಿಳಿ ಗುರುತು. ಅಕ್ಕನ ಜೊತೆ ಮಾತು ಬಿಟ್ಟಿದ್ದ ಚಿಕ್ಕಮ್ಮ ಬಾಗಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಾಗ ಅಮ್ಮನ ಎದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು.

ಒತ್ತುತ್ತಿದ್ದಂತೆ ಲಟಕ್ಕೆಂದು ಏನೋ ಮುರಿಯಿತು. ಅಂಗೈ ಕೆಳಗೆ ಎದೆ ಮೆತ್ತಗಾಯಿತು. ಚಿಕ್ಕಮ್ಮನ ಕೈ ನಿಂತಿತು. ಎಲ್ಲೋ ದೂರ ಹೋದವಳ ಹಾಗೆ ಕಣ್ಣು. ಕೈ ಹೆಗಲಿನ ಬಟ್ಟೆಯ ಕಡೆ ಹೋಗುತ್ತಿತ್ತು. ನಾನು ಕೂಗಿದೆ.

"ಹಿಟ್ಟಲ್ಲ ಚಿಕ್ಕಮ್ಮ, ಅಮ್ಮ."

ಅವಳು ಬೆಚ್ಚಿ ನನ್ನನ್ನು ನೋಡಿದಳು. ಬಟ್ಟೆ ಕಿತ್ತು ಮೂಲೆಗೆಸೆದು ಮತ್ತೆ ಒತ್ತತೊಡಗಿದಳು. ಆ್ಯಂಬುಲೆನ್ಸಿನವರು ಬಂದು ಭುಜ ಹಿಡಿದು ಎಬ್ಬಿಸುವವರೆಗೂ ನಿಲ್ಲಿಸಲಿಲ್ಲ.

ಅಮ್ಮ ಉಳಿದಳು. ಪಕ್ಕೆಲುಬು ಮುರಿದಿದೆ ಎಂದು ಡಾಕ್ಟರ್ ಹೇಳಿದಾಗ ಮಲಗಿದ್ದಲ್ಲಿಂದಲೇ ತಂಗಿಯತ್ತ ತಿರುಗಿ, ಮುರಿದವಳೇ ಇನ್ನು ಒಲೆಯನ್ನೂ ನೋಡಿಕೊಳ್ಳಲಿ ಎಂದಳು. ಬಾಯಿಗೆ ಬೀಗವಿಲ್ಲದ ಚಿಕ್ಕಮ್ಮ ಅಕ್ಕನ ಕೈ ಹಿಡಿದು ಅತ್ತಳು.

ಈಗ ಹಿಟ್ಟು ಬಟ್ಟೆಯಡಿ ಉಬ್ಬುವ ಹೊತ್ತಿನಲ್ಲಿ ಅಮ್ಮ ಬೆಂಚಿನ ಮೇಲೆ ಅಡ್ಡಾಗುತ್ತಾಳೆ. ಚಿಕ್ಕಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಅಕ್ಕನ ಎದೆಯನ್ನೇ ನೋಡುತ್ತ ಕೂರುತ್ತಾಳೆ. ಅಮ್ಮ ಕಣ್ಣು ತೆರೆಯದೆಯೇ ಗೊಣಗುತ್ತಾಳೆ.

"ಉಸಿರಾಡ್ತಾ ಇದೀನಿ ಕಣೇ. ಹೋಗಿ ಸ್ವಲ್ಪ ಮಲಕ್ಕೋ."

ಚಿಕ್ಕಮ್ಮ ಹೂಂ ಅನ್ನುತ್ತಾಳೆ. ಏಳುವುದಿಲ್ಲ.