ದೊಡ್ಡವ್ವನ ಪಾಲಿನ ಸೌದೆ

ನಮ್ಮ ದೊಡ್ಡಪ್ಪ ದೊಡ್ಡಸಿದ್ದಯ್ಯನಿಗೆ ತಲೆ ಕೆಟ್ಟಿದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದಾಗ ನಾನೂ ಹೌದು ಅಂದವಳೇ. ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರು. ಮಕ್ಕಳಿರಲಿಲ್ಲ. ಬೆಳಿಗ್ಗೆ ಶಿವಪೂಜೆಗೆ ಮೊದಲು ಇಬ್ಬರ ಮೈಗೆ ಬಿಸಿನೀರು ಕಾಯಬೇಕು, ಎರಡು ಹೊತ್ತು ಮುದ್ದೆ ಬೇಯಬೇಕು. ಅಷ್ಟಕ್ಕೆ ಎಷ್ಟು ಸೌದೆ ಬೇಕಾದೀತು? ದೊಡ್ಡಪ್ಪ ಮಾತ್ರ ಊರಿಗೆಲ್ಲ ಮದುವೆ ಊಟ ಹಾಕಿಸುವವನಂತೆ ಸೌದೆ ಸೀಳುತ್ತಿದ್ದ. ಹೊಲದ ಬದುವಿನ ಜಾಲಿ, ಬಿರುಗಾಳಿಗೆ ಬಿದ್ದ ಹುಣಸೆಮರ, ಯಾರೋ ಬೇಡವೆಂದು ಬಿಟ್ಟ ಬೇವಿನ ಬೊಡ್ಡೆ, ಯಾವುದನ್ನೂ ಬಿಡುತ್ತಿರಲಿಲ್ಲ.

ನಮ್ಮೂರು ನಂಜನಗೂಡಿಗೂ ಸುತ್ತೂರಿಗೂ ನಡುವೆ, ಹೊಳೆಯಿಂದ ಕೂಗಳತೆಯ ದೂರದಲ್ಲಿದೆ. ನಮ್ಮಪ್ಪ ಮತ್ತು ದೊಡ್ಡಪ್ಪ ಅಣ್ಣತಮ್ಮಂದಿರು. ಪಾಲಾದಾಗ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಗೋಡೆ ಎದ್ದ ಮೇಲೆ ಸ್ವಲ್ಪ ಕಾಲ ಮಾತೂ ಇರಲಿಲ್ಲ. ಪಾಲು ಅಂದರೆ ಹಾಗೇ ಅಲ್ಲವೇ, ಒಂದು ಒರಳುಕಲ್ಲಿಗೂ ಮನಸ್ಸು ಕೆಡುತ್ತದೆ.

ಆ ಮಾತು ಬಿಟ್ಟ ದಿನಗಳಲ್ಲೇ, ಸಾವಿರದ ಒಂಬೈನೂರ ಎಪ್ಪತ್ತೊಂದರ ಸುಮಾರಿಗೆ, ದೊಡ್ಡಪ್ಪ ಹುಣಸೆಮರದಿಂದ ಬಿದ್ದು ಬಲಗೈ ಮುರಿದುಕೊಂಡ. ನಾಟಿ ವೈದ್ಯ ಬಿದಿರಿನ ದಬ್ಬೆ ಇಟ್ಟು ಕಟ್ಟಿ, ಕೈ ಅಲ್ಲಾಡಿಸಕೂಡದು ಎಂದು ಹೇಳಿ ಹೋದ. ಮನೆಯಲ್ಲಿದ್ದ ಸೌದೆ ಬೇಗ ಮುಗಿಯಿತು. ದೊಡ್ಡವ್ವ ಚನ್ನಾಜಮ್ಮ ಗೋಡೆ ಸುತ್ತಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಾಲ್ಕು ಸೌದೆ, ಒಂದು ಚಿಪ್ಪು ಕೆಂಡ ಇಸಿದುಕೊಂಡು ಹೋಗತೊಡಗಿದಳು. ನಮ್ಮವ್ವ ರುದ್ರಮ್ಮ ಕೊಡುತ್ತಿದ್ದಳು, ಇಲ್ಲ ಎನ್ನಲಿಲ್ಲ. ಆದರೆ ಅವಳ ಬಾಯಿಗೆ ಬೀಗ ಇರಲಿಲ್ಲ. ಒಂದು ದಿನ ಕೊಡುತ್ತಾ ಕೊಡುತ್ತಾ, "ದಿನಾ ಬತ್ತೀಯಲ್ಲಕ್ಕಾ, ಪಾಲಲ್ಲಿ ನಿಮಗೆ ಬಂದ ಮರಗಳು ಸೌದೆ ಬುಡಾಕಿಲ್ವಾ?" ಅಂದುಬಿಟ್ಟಳು.

ಅವ್ವ ಅದನ್ನು ಅಂದು ಮರೆತಳು. ಗೋಡೆಯ ಆಚೆ ಜಗುಲಿಯಲ್ಲಿ ಕೈ ಕಟ್ಟಿಸಿಕೊಂಡು ಮಲಗಿದ್ದ ದೊಡ್ಡಪ್ಪ ಮರೆಯಲಿಲ್ಲ. ದೊಡ್ಡವ್ವ ಸೌದೆ ತಂದು ಒಲೆಯ ಮುಂದೆ ಹಾಕಿದಾಗ ಅವಳ ಮುಖ ನೋಡಿದನಂತೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಹೊಗೆ ಅಂದಳಂತೆ. ಒಲೆ ಇನ್ನೂ ಹಚ್ಚಿರಲಿಲ್ಲ.

ಕೈ ಕೂಡಿದ್ದೇ ತಡ, ದೊಡ್ಡಪ್ಪ ಕೊಡಲಿ ಹಿಡಿದ. ಮೊದಲ ವರ್ಷ ಮಾರನೆಯ ಮಳೆಗಾಲಕ್ಕೆ ಆಗುವಷ್ಟು ಸೀಳಿದ. ಇದರಲ್ಲಿ ವಿಶೇಷ ಏನಿಲ್ಲ, ಎಲ್ಲರೂ ಮಾಡುತ್ತಾರೆ. ಮಾರನೆಯ ವರ್ಷ ಇನ್ನೆರಡು ವರ್ಷಕ್ಕೆ ಸೀಳಿದ. ಎತ್ತುಗಳಲ್ಲಿ ಒಂದು ಸತ್ತಾಗ ಇನ್ನೊಂದನ್ನು ಭಾವಮೈದನಿಗೆ ಹೊಡೆದುಕೊಟ್ಟು, ಖಾಲಿಯಾದ ಕೊಟ್ಟಿಗೆಗೆ ಸೌದೆ ತುಂಬತೊಡಗಿದ. ನೆಲಕ್ಕೆ ಸೈಜುಗಲ್ಲು ಹಾಸಿ, ಗೆದ್ದಲು ಹತ್ತದಂತೆ ಒಲೆಯ ಬೂದಿ ಎರಚಿ, ಅದರ ಮೇಲೆ ಒಂದೊಂದೇ ಸೀಳನ್ನು ತಲೆಗೆ ತಲೆ ಸೇರಿಸಿ ಒಟ್ಟುತ್ತಿದ್ದ. ಆ ಒಟ್ಟಿಲು ನೋಡಲು ಚೆಂದವಾಗಿತ್ತು, ಅದನ್ನು ಒಪ್ಪಲೇಬೇಕು. ಮನೆ ಗೋಡೆಯೂ ಅಷ್ಟು ನೆಟ್ಟಗೆ ಇರಲಿಲ್ಲ.

ಊರ ಮುಂದಿನ ಅಂಗಡಿಯ ಪುಟ್ಟಬಸವಯ್ಯನಿಗೆ ಇದೊಂದು ಮೋಜು. "ಅಲ್ಲ ಕಣಣ್ಣ, ನಮ್ಮೋರನ್ನ ಮಣ್ಣಿಗಿಡದು, ಸುಡಾಕಿಲ್ಲ. ನೀನ್ ಯಾರನ್ನ ಸುಡಾಕೆ ಇಷ್ಟ್ ಸೌದೆ ಒಟ್ಟಿದ್ದೀಯೆ?" ಎಂದು ನಾಲ್ಕು ಜನರ ಮುಂದೆ ಕೇಳಿದ.

"ನಿನ್ ನಾಲಗೇನ ಕಣ್ಲಾ. ಅದಕ್ಕೆ ಇದೂ ಸಾಲದು," ಅಂದು ದೊಡ್ಡಪ್ಪ ಬೀಡಿ ತೆಗೆದುಕೊಂಡು ಬಂದ.

ಎಪ್ಪತ್ತೈದರಲ್ಲಿ ನನ್ನ ಮದುವೆಯಾಗಿ ನಾನು ನರಸೀಪುರಕ್ಕೆ ಹೋದೆ. ಆಗಿನಿಂದ ಹಬ್ಬಕ್ಕೋ ಹೆರಿಗೆಗೋ ಬಸ್ಸು ಹತ್ತಿ ಬಂದಾಗಲೆಲ್ಲ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆ ಕೊಟ್ಟಿಗೆ. ಪ್ರತಿಸಲವೂ ಸೌದೆ ಬಾಗಿಲಿನ ಕಡೆಗೆ ಇನ್ನಷ್ಟು ಬಂದಿರುತ್ತಿತ್ತು. ಅಷ್ಟು ಹೊತ್ತಿಗೆ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಕೂಡಿತ್ತು. ಅವ್ವನಂತೂ ತಾನು ಆಡಿದ ಮಾತು ಅವರಿಗೆ ನಾಟಿದ್ದನ್ನು ಯಾರಿಂದಲೋ ಕೇಳಿ ತಿಳಿದು, ಸಾರು ಪಲ್ಯ ಅಂತ ದಿನಾ ಗೋಡೆಯಾಚೆ ದಾಟಿಸುತ್ತಿದ್ದಳು. ಅವರು ಸಾರು ತಿಂದರು, ಪಲ್ಯ ತಿಂದರು. ಸೌದೆ ಮಾತ್ರ ಇಸಿದುಕೊಳ್ಳಲಿಲ್ಲ.

ಒಂದು ಸಲ ನಾನು ತಡೆಯಲಾರದೆ ಕೇಳಿದೆ. ದೊಡ್ಡಪ್ಪ ಬೊಡ್ಡೆಗೆ ಉಳಿ ಕೊಟ್ಟು ಹೊಡೆಯುತ್ತಿದ್ದ. ಅರವತ್ತು ದಾಟಿದ ಮೈ, ಒಂದೊಂದು ಏಟಿಗೂ ಉಸಿರು ಬಿಡುತ್ತಿತ್ತು.

"ಯಾಕ್ ದೊಡ್ಡಪ್ಪ ಇಷ್ಟು ಜೀವ ತೇಯ್ತೀಯ? ಇರೋ ಸೌದೆ ಉರಿಸಕ್ಕೇ ನಿಮಗೆ ಹತ್ತು ವರ್ಷ ಬೇಕು."

ಅವನು ಕೊಡಲಿ ಊರಿ ನಿಂತ. "ನೋಡ್ ಮಗ, ಈ ರಟ್ಟೇಲಿ ಇವತ್ತು ಇರಾ ಕಸುವು ನಾಳೆ ಇರಾಕಿಲ್ಲ. ಎಪ್ಪತ್ತರ ವಯಸ್ಸಿನ ಕೆಲಸಾನ ಎಪ್ಪತ್ತರಲ್ಲಿ ಮಾಡಾಕಾಗದಿಲ್ಲ, ಅದಕ್ಕೇ ಈಗ್ಲೇ ಮಾಡ್ತಾವ್ನಿ. ವರ್ಸ ವರ್ಸ ಕಸುವು ಕಮ್ಮಿ ಆದಂಗೆಲ್ಲ ಮುಂದಿಂದು ಜಾಸ್ತಿ ಮಾಡ್ಕಬೇಕು."

"ಎಪ್ಪತ್ತಾದ ಮೇಲೂ ನೀನೊಬ್ಬನೇ ಇರ್ತೀಯಾ? ಅಪ್ಪ ಇಲ್ವಾ, ನನ್ನ ತಮ್ಮ ಇಲ್ವಾ?"

"ನಂದಲ್ಲ ಮಗ." ಅವನು ಅಡುಗೆಮನೆ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದ. "ನಿಮ್ ದೊಡ್ಡವ್ವ ನನಗಿಂತ ಭಾಳ ಚಿಕ್ಕೋಳು. ನಾನ್ ಓದ್ ಮೇಲೂ ಇರ್ತಾಳೆ. ಆಗ ಅವಳು ಸೌದೆ ಅಂತ ಯಾರ್ ಬಾಗಲಿಗೂ ಓಗಬಾರದು. ಆ ಒಳಗಡೆ ಹುಣಸೇದು ಐತಲ್ಲ, ಅದು ಅವಳದು."

ಅಲ್ಲಿಂದ ಎದ್ದು ಅಡುಗೆಮನೆಗೆ ಹೋದೆ. ಅವನ ಮಾತಿಗೆ ಕರಗಿ ಹೋದವಳಿಗೆ ಅಲ್ಲಿ ಕಂಡದ್ದಕ್ಕೆ ಕೋಪ ಬಂತು.

ಅದು ಶ್ರಾವಣದ ಮಳೆ. ದೊಡ್ಡವ್ವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಕೊಳವೆಯಲ್ಲಿ ಊದುತ್ತಿದ್ದಳು. ಒಲೆಯಲ್ಲಿ ಇದ್ದದ್ದು ನೆಂದ ಜಾಲಿ ಕೊಂಬೆ, ತೆಂಗಿನ ಮಟ್ಟೆ, ತೊಗರಿ ಕಡ್ಡಿ. ಕೊಂಬೆಯ ಬುಡದಲ್ಲಿ ನೀರು ನೊರೆಗಟ್ಟಿ ಸುರಿಯುತ್ತಿತ್ತು. ಹೊಗೆಯಲ್ಲಿ ಅವಳ ಮುಖವೇ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ದೊಡ್ಡಪ್ಪನ ಪದ್ಧತಿ ಹಾಗೆ. ಒಟ್ಟಲು ಬರುವ ನೇರ ಸೌದೆಯೆಲ್ಲ ಕೊಟ್ಟಿಗೆಗೆ. ಸೊಟ್ಟ, ಹಸಿ, ಮುಳ್ಳು, ನೆಂದದ್ದು ಇವತ್ತಿನ ಒಲೆಗೆ. ಮುಂದೆಂದೋ ಒಂಟಿಯಾಗುವ ದೊಡ್ಡವ್ವನಿಗೆ ಕೊಬ್ಬರಿಯಂತೆ ಒಣಗಿದ ಹುಣಸೆ. ಈಗ ಎದುರಿಗೆ ಕೂತಿರುವ ದೊಡ್ಡವ್ವನಿಗೆ ಹೊಗೆ. ಇದು ಅವನಿಗೆ ಹೊಳೆಯಲೇ ಇಲ್ಲ, ನೋಡಿ. ಗಂಡಸರು ಒಲೆಯ ಮುಂದೆ ಕೂರುವುದಿಲ್ಲ.

ದೊಡ್ಡಪ್ಪ ಹೊಲದ ಕಡೆ ಹೋಗುವುದನ್ನೇ ಕಾದು, ಕೊಟ್ಟಿಗೆಗೆ ನುಗ್ಗಿ ಒಂದು ತೆಕ್ಕೆ ಒಣಸೌದೆ ಎಳೆದು ತಂದು ಅವಳ ಮುಂದೆ ಹಾಕಿದೆ. ದೊಡ್ಡವ್ವ ಹಾವು ಕಂಡವಳಂತೆ ಎದ್ದಳು.

"ತಂದಲ್ಲೇ ಮಡಗ್ಬುಟ್ಟು ಬಾ ಮಾದೇವಿ!"

"ಯಾಕೆ? ನಿನಗೇ ಅಂತ ಇಟ್ಟಿರೋದು. ಈಗ ಉರಿಸು."

"ಗೊತ್ತು ನನಗೇ ಅಂತ." ಅವಳು ಸೌದೆಯನ್ನು ತಾನೇ ತೆಕ್ಕೆಗೆ ತೆಗೆದುಕೊಂಡಳು. "ಅದು ಉರೀಬೇಕು ಅಂದ್ರೆ ಅವರು ಇರಬಾರದು. ಗೊತ್ತಾಯ್ತಾ ನಿನಗೆ? ನಾನು ಮುಟ್ಟಾಕಿಲ್ಲ ಕಣವ್ವ. ಒಗೆ ಕುಡುದ್ರೆ ಕುಡೀತೀನಿ, ಬುಡು."

ಅವಳು ಒಂದೊಂದನ್ನೂ ಮೊದಲಿದ್ದ ಜಾಗಕ್ಕೇ ಸೇರಿಸಿದಳು. ಆದರೂ ಸಂಜೆ ದೊಡ್ಡಪ್ಪ ಕೊಟ್ಟಿಗೆಗೆ ಹೋಗಿ ಬಂದು, "ಯಾರೋ ಮುಟ್ಟವ್ರೆ" ಅಂದ. ಬೆಕ್ಕು ಹಾರಿತು ಅಂದಳು ದೊಡ್ಡವ್ವ. ನನಗೆ ಇಬ್ಬರ ಮೇಲೂ ರೇಗಿತು. ಒಬ್ಬರಿಗೊಬ್ಬರು ಎದುರಿಗೆ ಕೂತು ಆಡಬೇಕಾದ ಮಾತನ್ನು ಸೌದೆಯ ಮೇಲೆ ಹೊರಿಸಿಬಿಟ್ಟಿದ್ದರು.

ಮಾರನೆಯ ಸಲ ಬರುವಾಗ ನಾನೊಂದು ಸೀಮೆಎಣ್ಣೆ ಸ್ಟೌ ತಂದುಕೊಟ್ಟೆ. ಸೀಮೆಎಣ್ಣೆ ವಾಸನೆಯ ಅನ್ನವನ್ನು ಲಿಂಗಕ್ಕೆ ಎಡೆ ಇಡುವುದು ಹೇಗೆ ಅಂದ ದೊಡ್ಡಪ್ಪ. ರೇಷನ್ ಡಿಪೋ ಕ್ಯೂನಲ್ಲಿ ಡಬ್ಬ ಹಿಡಿದು ನಿಲ್ಲುವವರು ಯಾರು ಅಂದಳು ದೊಡ್ಡವ್ವ. ಸ್ಟೌ ಅಟ್ಟ ಸೇರಿತು. ಈ ಒಂದು ವಿಷಯದಲ್ಲಿ ಇಬ್ಬರಿಗೂ ಒಳ್ಳೆ ಒಗ್ಗಟ್ಟು.

ಎಂಬತ್ತಮೂರರಲ್ಲಿ ಗೌರಿಹಬ್ಬಕ್ಕೆ ಬಂದೆ. ದೊಡ್ಡವ್ವ ಜಗುಲಿಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೇ ಹೋಗಿ ನಿಂತು ನಕ್ಕೆ. ಅವಳು ತಲೆ ಎತ್ತಿ, ಕಣ್ಣು ಕಿರಿದು ಮಾಡಿ, "ಯಾರವ್ವಾ ಅದು?" ಅಂದಳು. ಮಡಿಲಿನಲ್ಲಿ ನೋಡಿದರೆ ಕಾಳಿನ ಜೊತೆ ಸಿಪ್ಪೆ, ಸಿಪ್ಪೆಯ ಜೊತೆ ಹುಳು. ಯಾವತ್ತೂ ಕಾಳಿನಲ್ಲಿ ಒಂದು ಕಲ್ಲು ಬಿಟ್ಟವಳಲ್ಲ.

ನಾನು ಹಬ್ಬ ಮುಗಿಯುವವರೆಗೂ ಕಾಯಲಿಲ್ಲ. ಅವಳನ್ನು ಎಬ್ಬಿಸಿ, ಜೊತೆಗೆ ದೊಡ್ಡಪ್ಪನನ್ನೂ ಹೊರಡಿಸಿ, ನಂಜನಗೂಡಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಲೈಟು ಬಿಟ್ಟು ಬಿಟ್ಟು ನೋಡಿದರು.

"ಎರಡಕ್ಕೂ ಪೊರೆ ಬಂದಿದೆ. ಎಡಗಣ್ಣಿಗೆ ಹುಣ್ಣಾಗಿ ಬಿಳಿ ಕಟ್ಟಿಬಿಟ್ಟಿದೆ, ಅದು ಹೋದ ಹಾಗೇ. ಬಲಗಣ್ಣು ಆಪರೇಷನ್ ಮಾಡಿ ಉಳಿಸಬಹುದು. ಏನಮ್ಮ, ಮನೇಲಿ ಹೊಗೆ ಜಾಸ್ತಿನಾ?"

"ಇಲ್ಲ ಸಾ," ಅಂದಳು ದೊಡ್ಡವ್ವ ತಕ್ಷಣ. "ಎಲ್ಲಾರ್ ಮನೇಲೂ ಇರಾವಷ್ಟೇಯ."

ಡಾಕ್ಟರು ನಂಬಲಿಲ್ಲ. ದೊಡ್ಡಪ್ಪನ ಕಡೆ ತಿರುಗಿದರು. "ನೋಡಿ ಯಜಮಾನ್ರೇ, ಇರೋದು ಇನ್ನೊಂದೇ ಕಣ್ಣು. ಆಪರೇಷನ್ ಆದಮೇಲೆ ಹೊಗೆ ತಾಕಲೇಬಾರದು. ಹಸಿ ಸೌದೆ ಉರಿಸಬೇಡಿ. ನಿಮ್ಮ ಕಡೆ ಒಣಗಿದ ಸೌದೆ ಸಿಗಲ್ವಾ?"

ನಾನು ದೊಡ್ಡಪ್ಪನ ಮುಖ ನೋಡಲಾರದೆ ಗೋಡೆಯ ಮೇಲಿದ್ದ ಅಕ್ಷರದ ಚಾರ್ಟು ನೋಡುತ್ತಾ ನಿಂತೆ. ಅವನು "ಸಿಕ್ತದೆ ಸಾ" ಅಂದ. ಅಷ್ಟೆ. ಬಸ್ಸಿನಲ್ಲಿ ಊರು ಬರುವವರೆಗೂ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದ. ಅವನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ನನ್ನ ಕೋಪ ಆ ಬಸ್ಸಿನಲ್ಲೇ ಇಳಿದುಹೋಯಿತು. ಕೋಪಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಆಗಲೇ ಆಗಿತ್ತು.

ಆಪರೇಷನ್ ಆಗಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ದೊಡ್ಡವ್ವನನ್ನು ಮನೆಗೆ ಕರೆತಂದೆವು. ಅಡುಗೆ ನಮ್ಮವ್ವ ಮಾಡಿ ಕಳಿಸುತ್ತೇನೆ ಅಂದಳು, ನಾನೂ ಇದ್ದೆ. ಆದರೆ ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ದೊಡ್ಡಪ್ಪ ಕೊಟ್ಟಿಗೆಯ ಒಳಗಿದ್ದ. ಬಾಗಿಲ ಕಡೆಯ ಹೊಸ ಸೌದೆಯನ್ನು ಸರಿಸಿ ದಾರಿ ಮಾಡಿಕೊಂಡು, ಗೋಡೆಯ ಪಕ್ಕದ ಹಳೆಯ ಹುಣಸೆ ಸೀಳುಗಳನ್ನು ಈಚೆಗೆ ಎಳೆಯುತ್ತಿದ್ದ. ತೆಕ್ಕೆ ತುಂಬ ತಂದು ಒಲೆಯ ಮುಂದೆ ಇಳಿಸಿ, ತಾನೇ ಕುಕ್ಕರಗಾಲಲ್ಲಿ ಕೂತ. ಅವನು ಅಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟು ವರ್ಷ ಒಣಗಿದ ಸೌದೆ. ಒಂದು ಹಿಡಿ ತೆಂಗಿನ ನಾರಿಗೇ ಹತ್ತಿಕೊಂಡಿತು. ಊದುಕೊಳವೆ ಮುಟ್ಟಬೇಕಾಗಲಿಲ್ಲ. ಹೊಗೆ ಏಳಲಿಲ್ಲ, ಚಟಪಟ ಅನ್ನಲಿಲ್ಲ, ಉರಿ ಸುಮ್ಮನೆ ಪಾತ್ರೆಯ ತಳ ಹಿಡಿಯಿತು. ದೊಡ್ಡವ್ವ ಬಾಗಿಲ ಹತ್ತಿರ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಸ್ವಲ್ಪ ಹೊತ್ತು ಕಾದು ಕೇಳಿದಳು.

"ಒಲೆ ಇನ್ನೂ ಅಚ್ಚಿಲ್ವಾ?"

ದೊಡ್ಡಪ್ಪ ತಿರುಗಿ ನೋಡಿದ. ಹೊಗೆ ಬಂದರೇ ಒಲೆ ಹತ್ತಿತು ಎಂದು ಅವಳ ಲೆಕ್ಕ. ಎಷ್ಟು ವರ್ಷದಿಂದ ಆ ಲೆಕ್ಕ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಚ್ಚಿವ್ನಿ ಕಣೆ," ಅಂದ.

ಅವಳು ಕೈ ಮುಂದೆ ಚಾಚಿ, ತಡವುತ್ತಾ ಮುಂದಕ್ಕೆ ಸರಿದಳು. ಬಿಸಿ ತಾಕಿತು. ಅಂಗೈಯನ್ನು ಹಾಗೇ ಹಿಡಿದುಕೊಂಡು, ಮೂಗೆಳೆದು ಹೊಗೆಯ ವಾಸನೆ ಹುಡುಕಿದಳು.

"ಯಾವ ಸೌದೆ ಇದು?"

"ಒಳಗಿಂದು. ಹುಣಸೇದು."

"ಅಯ್ಯೋ ಶಿವನೇ!" ಅವಳು ಆ ಕಟ್ಟಿದ ಕಣ್ಣಿನಲ್ಲೇ ಅವನ ದನಿ ಬಂದ ಕಡೆ ತಿರುಗಿ, ಅವನ ಭುಜ, ಕತ್ತು, ಮುಖ ತಡವಿದಳು. "ನೀವಿನ್ನೂ ಇದ್ದೀರಲ್ಲ!"

"ಇವ್ನಿ ಕಣೆ," ಅಂದ ದೊಡ್ಡಪ್ಪ. "ಅದಕ್ಕೇ ಉರಿಸ್ತಾವ್ನಿ."

ಅಷ್ಟು ಹೇಳಿ ಅವಳ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿ, ಒಲೆಗೆ ಇನ್ನೊಂದು ಸೀಳು ಇಟ್ಟ.