ಮೆಟ್ಟಿಲ ಕೆಳಗಿನ ಜಿಪ್ಪಕ್ಕ

“ಅಮ್ಮಾ, ಜಿಪ್ಪಕ್ಕನ ಅಂಗಡಿ ತೆಗೆಸಿ ಅಂತ ನೀನ್ಯಾಕೆ ಸೈನ್ ಹಾಕ್ದೆ?”

ಶಾಲೆಯಿಂದ ಬಂದ ಪುಟ್ಟಿ ಶೂ ಬಿಚ್ಚುವ ಮೊದಲೇ ಕೇಳಿದಳು.

“ನಾನೆಲ್ಲಿ ಹಾಕಿದ್ನೇ?”

“ಲಿಫ್ಟ್ ಪಕ್ಕ ಅಂಟ್ಸಿದ್ದಾರೆ. ನಿನ್ನ ಹೆಸರು ನಾನೇ ಓದ್ದೆ.”

ಅಮ್ಮನಿಗೆ ಆಗ ನೆನಪಾಯಿತು. ಮೊನ್ನೆ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಕಟ್ಟಡದ ಸಂಘದ ಸೆಕ್ರೆಟರಿ ಬಾಗಿಲಲ್ಲಿ ಹಾಳೆ ಚಾಚಿದ್ದರು. ನೀರಿನ ಪಂಪಿನ ವಿಷಯವಿರಬೇಕೆಂದು ಓದದೆಯೇ ಗೀಚಿ ಒಲೆಯ ಕಡೆ ಓಡಿದ್ದಳು.

ಕೆಳಗಿಳಿದು ನೋಡಿದಳು. “ಮಕ್ಕಳಿರುವ ಕಟ್ಟಡದಲ್ಲಿ ಇಂಥವರ ವ್ಯಾಪಾರ ಶೋಭೆಯಲ್ಲ. ಮೆಟ್ಟಿಲ ಕೆಳಗಿನ ಅಂಗಡಿಯನ್ನು ತಿಂಗಳೊಳಗೆ ತೆರವು ಮಾಡಿಸಬೇಕು.” ಕೊನೆಯ, ಹದಿನಾಲ್ಕನೆಯ ಸಹಿ ತನ್ನದೇ. ಮೈಯೆಲ್ಲ ಉರಿದುಹೋಯಿತು. ಎರಡನೇ ಕ್ಲಾಸಿನ ಮಗು ಓದಿದ್ದನ್ನು ತಾನು ಓದಲಿಲ್ಲವಲ್ಲ!

ಇಂಥವರಂತೆ, ಇಂಥವರು! ಜಿಪ್ಪಕ್ಕ ಹುಟ್ಟಿದ್ದು ಸೂಟ್‌ಕೇಸ್ ರಿಪೇರಿಯವರ ಮನೆಯಲ್ಲಿ, ಗಂಡುಮಗುವೆಂದು. ಇಕ್ಕಳ ಹಿಡಿಯಲು ಕಲಿಸಿದ್ದು ಅಪ್ಪ. ಹತ್ತೊಂಬತ್ತಕ್ಕೆ “ನಾನು ಮಗ ಅಲ್ಲಪ್ಪ, ಮಗಳು” ಎಂದಾಗ ಬಟ್ಟೆಯ ಗಂಟನ್ನು ಬೀದಿಗೆ ಎಸೆದದ್ದೂ ಅದೇ ಅಪ್ಪ. ಗಂಟಿನೊಳಗೆ ಇಕ್ಕಳವಿತ್ತು. ಬೇಕೆಂದೇ ಇಟ್ಟನೋ, ಕಣ್ತಪ್ಪಿ ಸೇರಿತೋ, ಆಕೆಗೆ ಇಂದಿಗೂ ತಿಳಿಯದು. ಮಳಿಗೆ ಕೇಳಿದಲ್ಲೆಲ್ಲ ‘ಬಾಡಿಗೆಗಿದೆ’ ಎಂಬ ಬೋರ್ಡಿನ ಕೆಳಗೇ ನಿಂತು ಇಲ್ಲವೆಂದರು. ಕೊನೆಗೆ ಸಿಕ್ಕಿದ್ದು ಈ ಮೆಟ್ಟಿಲ ಕೆಳಗಿನ ಗೂಡು. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಒಂಬತ್ತು ವರ್ಷದಿಂದ ಕಟ್ಟಡದ ಅಷ್ಟೂ ಚೀಲಗಳಿಗೆ ಆಕೆಯೇ ವೈದ್ಯೆ. ಸರಿಮಾಡಿದ ಜಿಪ್ಪನ್ನು ಮಗು ತನ್ನ ಕೈಯಿಂದಲೇ ಹತ್ತು ಸಲ ಎಳೆದು ತೋರಿಸಬೇಕು, ಒಂಬತ್ತಕ್ಕೆ ಬಿಡುವವಳಲ್ಲ.

ಅಮ್ಮ ಬಗ್ಗಿ ಗೂಡಿನೊಳಗೆ ಹೋದಳು.

“ಅಕ್ಕಾ, ಓದದೇ ಸೈನ್ ಹಾಕ್ಬಿಟ್ಟೆ. ಈಗ್ಲೇ ಹೋಗಿ ನನ್ನ ಹೆಸರು ಹೊಡೆದು ಹಾಕ್ಸ್ತೀನಿ. ಗಲಾಟೆ ಏನೂ ಆಗಲ್ಲ.”

ಜಿಪ್ಪಕ್ಕ ಇಕ್ಕಳವನ್ನು ಹಲಗೆಯ ಮೇಲೆ ಕುಕ್ಕಿದಳು. “ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಅಲ್ವಾ ಪುಟ್ಟಿಯಮ್ಮ? ಇಲ್ನೋಡಿ, ಇದು ಯಾರ ಸೂಟ್‌ಕೇಸು? ನಿಮ್ಮ ಸೆಕ್ರೆಟರಿ ಸಾಹೇಬ್ರದ್ದು. ‘ನಾಳೆ ಪ್ರಯಾಣ ಇದೆ, ಬೇಗ ಮಾಡ್ಕೊಡಮ್ಮ’ ಅಂತ ನಿನ್ನೆ ಕೊಟ್ಟು ಹೋದ್ರು. ಗಾಲಿ ಮುರಿದ್ರೆ ‘ಅಮ್ಮ’, ಕಾಗದದಲ್ಲಿ ‘ಇಂಥವರು’!”

“ಮಾಡ್ಕೊಡ್ಬೇಡಿ ಅಕ್ಕ. ತಲೆ ಮೇಲೆ ಹೊತ್ಕೊಂಡು ಹೋಗ್ಲಿ!”

“ಮಾಡ್ತೀನಿ. ಕೆಲಸ ಕೆಡಿಸಿದ್ಲು ಅಂತಾನೂ ಒಂದು ಕಾಗದ ಬರೀಲಿ ಅಂತೀರಾ?”

ಹೊಸ ಗಾಲಿಯನ್ನು ತಿರುಗಿಸಿ ನೋಡಿದಳು, ಸದ್ದಿಲ್ಲದೆ ತಿರುಗಿತು. ಸೂಟ್‌ಕೇಸನ್ನು ಗೋಡೆಗೆ ಒರಗಿಸಿದಳು.

“ನೀವೊಬ್ರು ಹೆಸರು ಹೊಡೆದು ಹಾಕ್ಸಿದ್ರೆ ಇನ್ನೂ ಹದಿಮೂರು ಉಳೀತವೆ. ನಿಮ್ಮ ಮನಸ್ಸು ಹಗುರ ಆಗುತ್ತೆ, ನನ್ನ ಅಂಗಡಿ ಹೋಗುತ್ತೆ. ಅದು ಬೇಡ. ನನಗೊಂದು ಉಪಕಾರ ಮಾಡಿ. ಭಾನುವಾರದ ಮೀಟಿಂಗಿಗೆ ನನ್ನ ಒಳಗೆ ಬಿಡಲ್ಲ, ನಿಮ್ಮನ್ನ ಬಿಡ್ತಾರೆ. ಎದ್ದು ನಿಂತು ಆ ಕಾಗದ ಪೂರ್ತಿ ಓದಿ, ಕೊನೇ ಸಾಲಿನೋರಿಗೂ ಕೇಳೋ ಹಾಗೆ. ಕೆಳಗಿರೋ ಹೆಸರೂ ಒಂದೊಂದೇ ಓದಿ, ಯಾರ ಯಾವ ಚೀಲ ನಾನು ಹೊಲಿದಿದ್ದೀನಿ ಅಂತಾನೂ ಹೇಳಿ. ಪಟ್ಟಿ ಬರ್ಕೊಡ್ತೀನಿ. ನಿಮ್ಮದರಿಂದ್ಲೇ ಶುರು ಮಾಡಿ.”